ಅರಿಶಿನ, ಕುಂಕುಮ ಮತ್ತು ನಾಲ್ಕು ಶಾಯಿಗಳು

(ಜಾನ್ಸ್ ಕ್ರೀಕ್‌ನಲ್ಲಿ ಸೇರಿದ್ದ ಕನ್ನಡ ಕುಟುಂಬಗಳ ಸಭೆಯಲ್ಲಿ ನೀಡಿದ ಅತಿಥಿ ಉಪನ್ಯಾಸದ ಪಠ್ಯ)



ಕಾವ್ಯವನ್ನೋ ಸಂಗೀತವನ್ನೋ ಕುರಿತ ಉಪನ್ಯಾಸಗಳನ್ನು ಕೇಳಿ ರೂಢಿಯಿರುವ ಈ ಸಭೆಯಲ್ಲಿ ಅಚ್ಚಿನ ಶಾಯಿಯ ವಿಚಾರವನ್ನು ಎತ್ತಿಕೊಂಡಿರುವುದಕ್ಕೆ ಮೊದಲು ಕಾರಣ ಹೇಳಬೇಕು. ನಮ್ಮಲ್ಲಿ ಬಹುಮಂದಿಯ ಮನೆಗಳಲ್ಲಿ ಊರಿನಿಂದ ತಂದ ಅಚ್ಚಿನ ಚಿತ್ರವೊಂದು ಇದ್ದೇ ಇರುತ್ತದೆ. ಸೀರೆಯ ಮಡಿಕೆಗಳ ನಡುವೆ ಜೋಪಾನವಾಗಿಟ್ಟು ತಂದ ಲಕ್ಷ್ಮಿಯ ಪಟವೋ, ಜವಳಿ ಅಂಗಡಿಯವರು ಕೊಟ್ಟ ಕ್ಯಾಲೆಂಡರಿನಿಂದ ಕತ್ತರಿಸಿ ಕಟ್ಟು ಹಾಕಿಸಿದ ಗಣಪತಿಯೋ, ತಾತನ ಕಾಲದ ಚಂದಮಾಮದ ಮುಖಪುಟವೋ, ಯಾವುದೋ ಒಂದು. ಅದನ್ನು ಕಿಟಕಿಯ ಎದುರಿನ ಗೋಡೆಗೆ ತೂಗುಹಾಕಿದ್ದರೆ ಕೆಲವು ವರ್ಷಗಳಲ್ಲಿ ಒಂದು ವಿಚಿತ್ರ ನಡೆದಿರುತ್ತದೆ. ಲಕ್ಷ್ಮಿಯ ಕೆಂಪು ಸೀರೆ ಬೂದಿಗೆ ತಿರುಗಿರುತ್ತದೆ. ಹಣೆಯ ಕುಂಕುಮ ಕಾಣದಾಗಿರುತ್ತದೆ. ಕೆನ್ನೆಯ ಅರಿಶಿನ ಹೋಗಿರುತ್ತದೆ. ಉಳಿದಿರುವುದು ನೀಲಿ ಮತ್ತು ಕಪ್ಪು. ಇಡೀ ಚಿತ್ರ ಬೆಳುದಿಂಗಳಲ್ಲಿ ನಿಂತಂತೆ ತೋರುತ್ತದೆ. ದೇವರುಗಳೆಲ್ಲ ಕೃಷ್ಣನ ಬಣ್ಣಕ್ಕೆ ಬಂದುಬಿಟ್ಟರು ಎಂದು ನಗುವವರೂ ಉಂಟು.

ಅದೇ ಮನೆಯ ಕಪಾಟಿನಲ್ಲಿರುವ ಆಲ್ಬಮನ್ನು ತೆರೆದು ನೋಡಿ. 1970ರ ದಶಕದಲ್ಲಿ ತೆಗೆಸಿದ ಮದುವೆಯ ಬಣ್ಣದ ಛಾಯಾಚಿತ್ರಗಳು ಇದಕ್ಕೆ ತದ್ವಿರುದ್ಧವಾಗಿ ಕೆಂಪಡರಿ ಕುಳಿತಿರುತ್ತವೆ. ಒಂದೇ ಮನೆಯಲ್ಲಿ ಗೋಡೆಯ ಮೇಲಿನದು ನೀಲಿಯಾಗುತ್ತದೆ, ಪೆಟ್ಟಿಗೆಯೊಳಗಿನದು ಕೆಂಪಾಗುತ್ತದೆ. ಇದು ಏಕೆ, ಇದಕ್ಕೆ ನಾವು ಏನಾದರೂ ಮಾಡಬಹುದೇ ಎಂಬುದಷ್ಟೇ ಈ ಹೊತ್ತಿನ ನನ್ನ ಮಾತು. ಮೂಲಚಿತ್ರ ಎಲ್ಲೋ ಸುರಕ್ಷಿತವಾಗಿದ್ದೀತು ಎಂಬ ಭರವಸೆ ನಮಗಿಲ್ಲ. ಕ್ಯಾಲೆಂಡರಿಗಾಗಿ ಬರೆದ ಎಷ್ಟೋ ಚಿತ್ರಗಳ ಮೂಲಪ್ರತಿಗಳು ಅಚ್ಚಾದ ಮೇಲೆ ಕೇಳುವವರಿಲ್ಲದೆ ಹೋದವು. ಆದ್ದರಿಂದ ಇಲ್ಲಿನ ಒಂದು ಮನೆಯ ಗೋಡೆಯ ಮೇಲಿರುವ ಹಾಳೆಯೇ ಉಳಿದಿರುವ ಪ್ರತಿಯಾಗಿದ್ದರೂ ಆಶ್ಚರ್ಯವಿಲ್ಲ.

ಉತ್ತರ ಇರುವುದು ಆ ಚಿತ್ರ ಅಚ್ಚಾದ ಬಗೆಯಲ್ಲಿ. ಬಿಳಿಯ ಕಾಗದ ತನ್ನ ಮೇಲೆ ಬಿದ್ದ ಬೆಳಕನ್ನು ಬಹುಪಾಲು ಹಾಗೆಯೇ ಹಿಂದಕ್ಕೆ ಕಳುಹಿಸುತ್ತದೆ. ಆ ಬೆಳಕಿನಲ್ಲಿ ಕೆಂಪು, ಹಸಿರು, ನೀಲಿ ಮೂರೂ ಸೇರಿರುತ್ತವೆ. ಟೆಲಿವಿಷನ್ ಪರದೆಯು ಕತ್ತಲೆಯಿಂದ ಹೊರಟು ಈ ಮೂರು ಬೆಳಕುಗಳನ್ನು ಕೂಡಿಸುತ್ತಾ ಹೋಗುತ್ತದೆ. ಅಚ್ಚಿನ ಮನೆಯದು ಕೂಡುವ ಲೆಕ್ಕವಲ್ಲ, ಕಳೆಯುವ ಲೆಕ್ಕ. ಅಲ್ಲಿ ಬಳಸುವ ಶಾಯಿ ಗೋಡೆಗೆ ಬಳಿದ ಬಣ್ಣದಂತೆ ಕಾಗದವನ್ನು ಮುಚ್ಚುವುದಿಲ್ಲ. ಬಣ್ಣದ ಗಾಜಿನಂತೆ ಪಾರದರ್ಶಕವಾಗಿ ಅದರ ಮೇಲೆ ಕುಳಿತಿರುತ್ತದೆ. ಬೆಳಕು ಶಾಯಿಯೊಳಗೆ ಹಾದು ಕಾಗದವನ್ನು ಮುಟ್ಟಿ, ಮತ್ತೆ ಶಾಯಿಯೊಳಗಿನಿಂದಲೇ ಹಾದು ನಮ್ಮ ಕಣ್ಣಿಗೆ ಬರುತ್ತದೆ. ಈ ಹೋಗಿಬರುವ ದಾರಿಯಲ್ಲಿ ಪ್ರತಿಯೊಂದು ಶಾಯಿಯೂ ತನ್ನ ಪಾಲಿನ ಸುಂಕವನ್ನು ವಸೂಲು ಮಾಡುತ್ತದೆ. ಹಳದಿ ಶಾಯಿ ನೀಲಿ ಬೆಳಕನ್ನು ನುಂಗುತ್ತದೆ. ಮಜೆಂಟಾ ಎಂದು ಕರೆಯುವ, ಗುಲಾಬಿಗೆ ಹತ್ತಿರದ ಶಾಯಿ ಹಸಿರು ಬೆಳಕನ್ನು ನುಂಗುತ್ತದೆ. ಸಯಾನ್ ಎಂದು ಕರೆಯುವ, ಆಕಾಶನೀಲಿಯ ಶಾಯಿ ಕೆಂಪು ಬೆಳಕನ್ನು ನುಂಗುತ್ತದೆ. ನುಂಗಿ ಉಳಿದದ್ದೇ ನಮಗೆ ಕಾಣುವ ಬಣ್ಣ.

ಮಕ್ಕಳಿಗೆ ಶಾಲೆಯಲ್ಲಿ ಮೂಲವರ್ಣಗಳು ಕೆಂಪು, ಹಳದಿ, ನೀಲಿ ಎಂದು ಹೇಳಿಕೊಟ್ಟಿರಬಹುದು. ಅಚ್ಚಿನವನು ಆ ಕೆಂಪನ್ನು ಒಪ್ಪುವುದಿಲ್ಲ. ಅವನ ಬಳಿ ಕೆಂಪು ಶಾಯಿಯೇ ಇಲ್ಲ. ನಾವು ಕೆಂಪು ಎನ್ನುವುದನ್ನು ಅವನು ಹಳದಿಯ ಮೇಲೆ ಮಜೆಂಟಾ ಹಾಕಿ ಪಡೆಯುತ್ತಾನೆ. ಹಳದಿ ನೀಲಿ ಬೆಳಕನ್ನು ತೆಗೆದುಕೊಂಡಿತು, ಮಜೆಂಟಾ ಹಸಿರು ಬೆಳಕನ್ನು ತೆಗೆದುಕೊಂಡಿತು, ಉಳಿದದ್ದು ಕೆಂಪು.

ಇದಕ್ಕೆ ನಮ್ಮ ಬಾವುಟಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತೋರಲಿಲ್ಲ. ಮ. ರಾಮಮೂರ್ತಿಯವರು 1960ರ ದಶಕದಲ್ಲಿ ರೂಪಿಸಿದ, ಮೇಲೆ ಅರಿಶಿನ, ಕೆಳಗೆ ಕುಂಕುಮದ ಬಣ್ಣಗಳಿರುವ ಕನ್ನಡದ ಬಾವುಟವನ್ನು ನವೆಂಬರ್ 1ರ ಆಮಂತ್ರಣ ಪತ್ರಿಕೆಯ ಮೇಲೆ ಅಚ್ಚು ಮಾಡಲು ಎರಡೇ ಶಾಯಿ ಸಾಕು. ಬಾವುಟದ ಇಡೀ ಚೌಕಕ್ಕೆ ಹಳದಿ ಹಾಕಿ, ಕೆಳಗಿನ ಅರ್ಧಕ್ಕೆ ಮಾತ್ರ ಅದರ ಮೇಲೆ ಮಜೆಂಟಾ ಹಾಕಿದರೆ ಬಾವುಟ ಸಿದ್ಧ. ಅರಿಶಿನದ ಮೇಲೆಯೇ ಕುಂಕುಮ ಕುಳಿತಿರುತ್ತದೆ. ಸಯಾನ್‌ಗೂ ಕಪ್ಪಿಗೂ ಅಲ್ಲಿ ಕೆಲಸವಿಲ್ಲ. ಈ ಮಾತನ್ನು ದಯವಿಟ್ಟು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಇಲ್ಲೊಂದು ಸೂಕ್ಷ್ಮವಿದೆ. ಆರತಿಯ ತಟ್ಟೆಯ ಕೆಂಪು ನೀರೂ ಅರಿಶಿನದಿಂದಲೇ ಆಗುವುದು ಎಂಬುದನ್ನು ತಾಯಂದಿರಿಗೆ ನಾನು ಹೇಳಬೇಕಾಗಿಲ್ಲ. ಆದರೆ ಅಲ್ಲಿ ಸುಣ್ಣ ಬೆರೆತು ಅರಿಶಿನವೇ ರಾಸಾಯನಿಕವಾಗಿ ಬದಲಾಗುತ್ತದೆ. ಅಚ್ಚಿನಲ್ಲಿ ಯಾವ ಶಾಯಿಯೂ ತನ್ನ ಗುಣವನ್ನು ಬಿಡುವುದಿಲ್ಲ. ಹಳದಿ ಹಳದಿಯಾಗಿಯೇ, ಮಜೆಂಟಾ ಮಜೆಂಟಾವಾಗಿಯೇ ಒಂದರ ಮೇಲೊಂದು ಪದರವಾಗಿ ಇರುತ್ತವೆ. ಕೆಂಪು ಹುಟ್ಟುವುದು ನೋಡುವವನ ಕಣ್ಣಿನಲ್ಲಿ. ಪದರಗಳು ಬೇರೆಬೇರೆಯಾಗಿ ಉಳಿಯುವುದರಿಂದ ಅವು ಬೇರೆಬೇರೆಯಾಗಿ ಸಾಯುವುದೂ ಸಾಧ್ಯ.

ಮೂರು ಶಾಯಿಗಳನ್ನೂ ಪೂರ್ತಿಯಾಗಿ ಒಂದರ ಮೇಲೊಂದು ಹಾಕಿದರೆ ಎಲ್ಲ ಬೆಳಕೂ ನುಂಗಿಹೋಗಿ ಕಪ್ಪು ಬರಬೇಕು. ಪುಸ್ತಕದ ಲೆಕ್ಕ ಹಾಗೆ. ಆದರೆ ಅಂಗಡಿಯಲ್ಲಿ ಸಿಗುವ ಶಾಯಿ ಶುದ್ಧವಲ್ಲ. ಸಯಾನ್ ತನಗೆ ಸೇರದ ಬೆಳಕನ್ನೂ ಒಂದಿಷ್ಟು ಕಬಳಿಸುತ್ತದೆ. ಹಾಗಾಗಿ ಮೂರೂ ಸೇರಿದಾಗ ಬರುವುದು ಕೆಸರಿನಂಥ ಕಂದು. ಮೂರು ಪದರಗಳ ಒದ್ದೆ ಶಾಯಿ ಒಣಗಲು ತಡವಾಗುತ್ತದೆ, ಖರ್ಚೂ ಹೆಚ್ಚು. ಆದ್ದರಿಂದ ನಾಲ್ಕನೆಯದಾಗಿ ಕಪ್ಪು ಬಂದಿತು. ನಾಲ್ಕೂ ಶಾಯಿ ಪೂರ್ತಿ ಬಿದ್ದರೆ ಶೇಕಡ 400 ಎಂದು ಲೆಕ್ಕ. ವೃತ್ತಪತ್ರಿಕೆಯ ಕಾಗದ ಸುಮಾರು 240ಕ್ಕಿಂತ ಹೆಚ್ಚು ತಡೆಯುವುದಿಲ್ಲ. ಅದಕ್ಕೂ ಮೀರಿದರೆ ಹಿಂಬದಿಗೆ ಇಳಿದು, ಓದುವವರ ಬೆರಳಿಗೂ ಹತ್ತುತ್ತದೆ.

ಮೂರು ಬಣ್ಣಗಳಿಂದ ಎಲ್ಲ ಬಣ್ಣಗಳನ್ನೂ ತೆಗೆಯಬಹುದೆಂಬ ವಿಚಾರ ಹೊಸದಲ್ಲ. ಫ್ರಾಂಕ್‌ಫರ್ಟಿನಲ್ಲಿ ಹುಟ್ಟಿದ ಯಾಕೋಬ್ ಕ್ರಿಸ್ಟೋಫ್ ಲ ಬ್ಲಾನ್ ಎಂಬಾತ ಹದಿನೆಂಟನೆಯ ಶತಮಾನದ ಆರಂಭದಲ್ಲಿಯೇ ನೀಲಿ, ಹಳದಿ, ಕೆಂಪುಗಳಿಗೆ ಒಂದೊಂದು ತಾಮ್ರದ ಫಲಕವನ್ನು ಕೆತ್ತಿ ವರ್ಣಚಿತ್ರಗಳನ್ನು ಅಚ್ಚು ಮಾಡಿದ್ದ. ಆದರೆ ಯಾವ ಜಾಗದಲ್ಲಿ ಯಾವ ಬಣ್ಣ ಎಷ್ಟು ಎಂಬುದನ್ನು ಅವನು ಕಣ್ಣಳತೆಯಿಂದಲೇ ನಿರ್ಧರಿಸಬೇಕಿತ್ತು. ಆ ಕೆಲಸ ಕ್ಯಾಮೆರಾಕ್ಕೆ ಸಂದದ್ದು 1861ರ ನಂತರ. ಆ ವರ್ಷ ಜೇಮ್ಸ್ ಕ್ಲಾರ್ಕ್ ಮ್ಯಾಕ್ಸ್‌ವೆಲ್, ಕೆಂಪು, ಹಸಿರು, ನೀಲಿ ಶೋಧಕಗಳ ಮೂಲಕ ಒಂದೇ ವಸ್ತುವಿನ ಮೂರು ಛಾಯಾಚಿತ್ರಗಳನ್ನು ತೆಗೆಸಿ ತೋರಿಸಿದರು. ಕೆಂಪು ಗಾಜಿನ ಮೂಲಕ ನೋಡಿದಾಗ ಚಿತ್ರದಲ್ಲಿ ಎಲ್ಲಿ ಕತ್ತಲೆ ಕಾಣುತ್ತದೆಯೋ ಅಲ್ಲಿ ಕೆಂಪು ಬೆಳಕಿಲ್ಲ ಎಂದರ್ಥ. ಅಂದರೆ ಅಲ್ಲಿ ಸಯಾನ್ ಶಾಯಿ ಬೀಳಬೇಕು. ಹಸಿರು ಗಾಜಿನಿಂದ ಮಜೆಂಟಾದ ಜಾಗ, ನೀಲಿ ಗಾಜಿನಿಂದ ಹಳದಿಯ ಜಾಗ ತಿಳಿಯುತ್ತದೆ. ಅಚ್ಚಿನವರು ಕಲರ್ ಸೆಪರೇಷನ್ ಎನ್ನುವುದು ಇದನ್ನೇ. ಇಂದು ಕಂಪ್ಯೂಟರು ಮಾಡುವುದೂ ಇದನ್ನೇ, ಗಾಜಿಲ್ಲದೆ.

ಇಷ್ಟು ಹೇಳಿದ ಮೇಲೂ ಒಂದು ತೊಡಕು ಉಳಿಯುತ್ತದೆ. ಅಚ್ಚಿನ ಯಂತ್ರಕ್ಕೆ ತೆಳು ಗುಲಾಬಿ, ದಟ್ಟ ಗುಲಾಬಿ ಎಂಬ ಭೇದ ತಿಳಿಯದು. ಒಂದು ಜಾಗಕ್ಕೆ ಶಾಯಿ ಹಾಕಬಲ್ಲದು, ಇಲ್ಲವೇ ಹಾಕದೆ ಬಿಡಬಲ್ಲದು. ಈಗ ಸಭೆಯಲ್ಲಿ ಒಂದು ಕ್ಯಾಲೆಂಡರಿನ ಹಾಳೆಯನ್ನೂ ಭೂತಗನ್ನಡಿಯನ್ನೂ ಹಂಚುತ್ತಿದ್ದೇವೆ. ಲಕ್ಷ್ಮಿಯ ಕೆನ್ನೆಯನ್ನು ನೋಡಿ. ಅಲ್ಲಿ ಕೆನ್ನೆಯ ಬಣ್ಣವೆಂಬುದೇ ಇಲ್ಲ. ಬಿಳಿಯ ಮೇಲೆ ಚೆಲ್ಲಿದ ಹಳದಿ ಚುಕ್ಕಿಗಳು, ಗುಲಾಬಿ ಚುಕ್ಕಿಗಳು, ಅಲ್ಲೊಂದು ಇಲ್ಲೊಂದು ಬಡಕಲು ನೀಲಿ ಚುಕ್ಕಿ. ಕೆನ್ನೆ ಕೆಂಪೇರಿದ ಕಡೆ ಚುಕ್ಕಿಗಳು ದಪ್ಪ, ಬೆಳಕು ಬಿದ್ದ ಕಡೆ ಸಣ್ಣ. ಹಬ್ಬದ ದಿನ ಬಾಗಿಲ ಮುಂದೆ ಇಡುವ ಚುಕ್ಕಿಗಳಂತೆ ಸಾಲು ಹಿಡಿದು ನಿಂತಿವೆ. ಹಾಫ್‌ಟೋನ್ ಎಂದು ಇದರ ಹೆಸರು.

ಲೆಕ್ಕವನ್ನು ಪ್ರೀತಿಸುವ ಇಂಜಿನಿಯರುಗಳು ಈ ಸಭೆಯಲ್ಲಿ ಕಡಮೆಯೇನಿಲ್ಲವಾದ್ದರಿಂದ ಒಂದು ಲೆಕ್ಕವನ್ನು ಕೊಡುತ್ತೇನೆ. ಒಳ್ಳೆಯ ಪತ್ರಿಕೆಯಲ್ಲಿ ಅಂಗುಲಕ್ಕೆ ಸುಮಾರು 150 ಸಾಲು ಚುಕ್ಕಿಗಳಿರುತ್ತವೆ. ಚದರ ಅಂಗುಲಕ್ಕೆ ಒಂದು ಶಾಯಿಯಲ್ಲಿ 22,500, ನಾಲ್ಕು ಶಾಯಿಯಲ್ಲಿ 90,000. ಒಂಬತ್ತು ಅಂಗುಲ ಅಗಲ, ಹನ್ನೆರಡು ಅಂಗುಲ ಎತ್ತರದ ದೇವರ ಪಟದಲ್ಲಿ ಚುಕ್ಕಿಗಳಿಗೆಂದು ಮೀಸಲಾದ ಸ್ಥಾನಗಳು 97 ಲಕ್ಷಕ್ಕೂ ಹೆಚ್ಚು. ಎರಡು ಸಾಲುಗಳ ನಡುವಿನ ಅಂತರ ಒಂದು ಮಿಲಿಮೀಟರಿನ ಆರನೆಯ ಒಂದು ಭಾಗ. ಚಿತ್ರವನ್ನು ತೋಳಳತೆಯ ದೂರದಲ್ಲಿ ಹಿಡಿದರೆ ನಮ್ಮ ಕಣ್ಣು ಬೇರ್ಪಡಿಸಿ ನೋಡಬಲ್ಲ ಎಲ್ಲೆಯೂ ಹೆಚ್ಚುಕಡಮೆ ಅಷ್ಟೇ. ಕಣ್ಣು ಸೋತಲ್ಲಿ ಚಿತ್ರ ಗೆಲ್ಲುತ್ತದೆ. ವೃತ್ತಪತ್ರಿಕೆಯ ಒರಟು ಕಾಗದ ಇಷ್ಟು ಸಣ್ಣ ಚುಕ್ಕಿಯನ್ನು ಹಿಡಿಯಲಾರದು. ಅಲ್ಲಿ ಅಂಗುಲಕ್ಕೆ 85ರಿಂದ 100 ಸಾಲು. ಅದಕ್ಕೇ ಅಲ್ಲಿನ ಚುಕ್ಕಿಗಳು ಬರಿಗಣ್ಣಿಗೂ ಸಿಕ್ಕಿಬೀಳುತ್ತವೆ.

ಸೊಳ್ಳೆಪರದೆಯ ಎರಡು ಪದರಗಳು ಒಂದರ ಮೇಲೊಂದು ಬಿದ್ದಾಗ ನೀರಿನ ಅಲೆಯಂಥ ಗೆರೆಗಳು ಓಡಾಡುವುದನ್ನು ಬಾಲ್ಯದಲ್ಲಿ ಮಲಗಿಕೊಂಡು ನೋಡಿದವರು ಇಲ್ಲಿ ಹಲವರಿದ್ದೀರಿ. ನಾಲ್ಕು ಶಾಯಿಗಳ ಚುಕ್ಕಿಸಾಲುಗಳನ್ನು ಹೇಗೆಂದರೆ ಹಾಗೆ ಜೋಡಿಸಿದರೆ ದೇವಿಯ ಮುಖದ ಮೇಲೂ ಅಂಥದೇ ಅಲೆಗಳು ಏಳುತ್ತವೆ. ಇದನ್ನು ತಪ್ಪಿಸಲು ಒಂದೊಂದು ಶಾಯಿಯ ಸಾಲನ್ನೂ ಒಂದೊಂದು ಕೋನಕ್ಕೆ ತಿರುಗಿಸುತ್ತಾರೆ. ಕಪ್ಪು 45 ಡಿಗ್ರಿ, ಮಜೆಂಟಾ 75, ಸಯಾನ್ 15. ಕಣ್ಣಿಗೆ ಎಲ್ಲಕ್ಕಿಂತ ಕಡಮೆ ಕಾಣುವ ಹಳದಿಗೆ ಉಳಿದ ಸೊನ್ನೆ. ಆಗ ಅಲೆಗಳು ಅಡಗಿ, ಭೂತಗನ್ನಡಿಗೆ ಮಾತ್ರ ಕಾಣುವಂಥ ಪುಟ್ಟ ಪುಟ್ಟ ಹೂವಿನ ಆಕಾರಗಳು ಉಳಿಯುತ್ತವೆ.

ನಾಲ್ಕು ಸಲ ಬೇರೆಬೇರೆ ಒತ್ತುವ ನಾಲ್ಕು ಚಿತ್ರಗಳು ಕೂದಲೆಳೆಯಷ್ಟೂ ಅತ್ತಿತ್ತ ಆಗಬಾರದು. ಈ ಹೊಂದಾಣಿಕೆಗೆ ರಿಜಿಸ್ಟರ್ ಎಂದು ಹೆಸರು. ತುಟಿಯ ಕೆಂಪು ಗಲ್ಲಕ್ಕೆ ಜಾರಿರುವ ಚಿತ್ರಗಳನ್ನು ಹಳೆಯ ಪಠ್ಯಪುಸ್ತಕಗಳಲ್ಲಿ ನಾವೆಲ್ಲ ನೋಡಿದ್ದೇವೆ. ಆಫ್‌ಸೆಟ್ ಮುದ್ರಣದಲ್ಲಿ ನೀರಿನ ಬಳಕೆಯಿದೆ, ನೀರು ತಗುಲಿದ ಕಾಗದ ಹಿಗ್ಗುತ್ತದೆ, ಹಿಗ್ಗಿದ ಕಾಗದದ ಮೇಲೆ ಎರಡನೆಯ ಬಣ್ಣ ಮೊದಲನೆಯದರ ಮೇಲೆ ಕೂರುವುದಿಲ್ಲ. ಒಳ್ಳೆಯ ಅಚ್ಚುಕೂಟಗಳಲ್ಲಿ ಕೋಣೆಯ ತೇವಾಂಶವನ್ನು ಕಾಯುವುದು ಇದಕ್ಕಾಗಿಯೇ.

ನೀರು ಏಕೆ ಬಂದಿತು ಎಂಬುದಕ್ಕೆ ನಮ್ಮ ಮಂಗಳೂರಿನ ಕಥೆಯನ್ನೇ ಹೇಳಬೇಕು. ಎಣ್ಣೆಗೂ ನೀರಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ಇದನ್ನು ಆಧರಿಸಿ ಅಲೋಯಿಸ್ ಸೆನೆಫೆಲ್ಡರ್ ಎಂಬಾತ ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಜರ್ಮನಿಯಲ್ಲಿ ಕಲ್ಲಚ್ಚನ್ನು ಕಂಡುಹಿಡಿದ. ನುಣುಪಾದ ಕಲ್ಲಿನ ಮೇಲೆ ಜಿಡ್ಡಿನ ಶಾಯಿಯಿಂದ ಬರೆದು, ಕಲ್ಲನ್ನು ಒದ್ದೆಮಾಡಿ, ಮೇಲೆ ಅಚ್ಚಿನ ಶಾಯಿ ಸವರಿದರೆ ಅದು ಬರೆದ ಕಡೆ ಮಾತ್ರ ಹತ್ತುತ್ತದೆ. ಮಂಗಳೂರಿನ ಬಾಸೆಲ್ ಮಿಷನ್ 1841ರಲ್ಲಿ ಇಂಥ ಕಲ್ಲಚ್ಚಿನ ಮುದ್ರಣಾಲಯವನ್ನು ತೆರೆಯಿತು. ಕನ್ನಡದ ಮೊದಲ ಪತ್ರಿಕೆಯಾದ ಮಂಗಳೂರ ಸಮಾಚಾರವನ್ನು ಹರ್ಮನ್ ಮೊಗ್ಲಿಂಗ್ 1843ರ ಜುಲೈನಲ್ಲಿ ಹೊರತಂದದ್ದು ಮೊಳೆಯಿಂದಲ್ಲ, ಈ ಕಲ್ಲಿನಿಂದ. ಒತ್ತಕ್ಷರ, ಗುಣಿತಾಕ್ಷರಗಳಿರುವ ನಮ್ಮ ಲಿಪಿಗೆ ನೂರಾರು ಮೊಳೆ ಎರಕ ಹೊಯ್ಯುವುದಕ್ಕಿಂತ ಕೈಬರಹವನ್ನೇ ಅಚ್ಚಿಗೆ ಇಳಿಸುವುದು ಸುಲಭವಾಗಿದ್ದಿರಬೇಕು. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ನ್ಯೂ ಜೆರ್ಸಿಯ ಐರಾ ರೂಬೆಲ್, ಫಲಕದಿಂದ ಶಾಯಿಯನ್ನು ಮೊದಲು ರಬ್ಬರಿನ ಹೊದಿಕೆಗೆ ವರ್ಗಾಯಿಸಿ ಅಲ್ಲಿಂದ ಕಾಗದಕ್ಕೆ ಒತ್ತುವ ಯಂತ್ರವನ್ನು ರೂಪಿಸಿದರು. ಅದೇ ಆಫ್‌ಸೆಟ್. ಇಂದು ನಮ್ಮ ಕೈಗೆ ಬರುವ ಬಣ್ಣದ ಪತ್ರಿಕೆ, ಕ್ಯಾಲೆಂಡರುಗಳು ಬಹುಪಾಲು ಅದರ ಸಂತಾನ. ಅಂದರೆ ಮಂಗಳೂರಿನ ಆ ಕಲ್ಲಿನ ದಾಯಾದಿಗಳು.

ಕಲ್ಲಚ್ಚಿನಲ್ಲಿ ಬಣ್ಣವನ್ನು ಸಾಧಿಸಿದ ದೊಡ್ಡ ಹೆಸರು ರಾಜಾ ರವಿವರ್ಮರದು. 1894ರಲ್ಲಿ ಮುಂಬಯಿಯಲ್ಲಿ ಆರಂಭವಾದ ಅವರ ಮುದ್ರಣಾಲಯ ಮುಂದೆ ಲೋಣಾವಳದ ಬಳಿಯ ಮಳವಲಿಗೆ ಹೋಯಿತು. 1903ರಲ್ಲಿ ಅದನ್ನು ಫ್ರಿಟ್ಸ್ ಶ್ಲೈಷರ್ ಎಂಬ ಜರ್ಮನ್ ತಂತ್ರಜ್ಞ ಕೊಂಡುಕೊಂಡ. ಆ ಚಿತ್ರಗಳು ನಾಲ್ಕು ಶಾಯಿಯವಲ್ಲ. ಕುಶಲಕರ್ಮಿಗಳು ಕಲ್ಲಿನ ಮೇಲೆ ಕೈಯಿಂದಲೇ ಚುಕ್ಕಿಯಿಡುತ್ತಿದ್ದರು. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು, ಮೈಬಣ್ಣಕ್ಕೇ ಬೇರೆ ಕಲ್ಲು. ಆ ಚಿತ್ರಗಳ ಚುಕ್ಕಿಗಳು ಸಾಲಾಗಿ ನಿಲ್ಲುವುದಿಲ್ಲ, ಮರಳು ಚೆಲ್ಲಿದಂತೆ ಇರುತ್ತವೆ. ಮನೆಯಲ್ಲಿ ಅಜ್ಜಿಯ ಕಾಲದ ರವಿವರ್ಮನ ಪಟವಿದ್ದು, ಅದು ನಿಜಕ್ಕೂ ಹಳೆಯದೋ ಆಮೇಲೆ ಮರುಮುದ್ರಿಸಿದ್ದೋ ಎಂಬ ಅನುಮಾನವಿದ್ದರೆ ಭೂತಗನ್ನಡಿ ಹಿಡಿದು ನೋಡಿ. ಸಾಲು ಹಿಡಿದ ಚುಕ್ಕಿಗಳು ಕಂಡರೆ ಅದು ಮರುಮುದ್ರಣ. ಮೂಲ ತೈಲಚಿತ್ರಗಳನ್ನು ನೋಡಬೇಕೆಂದರೆ ಮುಂದಿನ ಸಲ ಊರಿಗೆ ಹೋದಾಗ ಮೈಸೂರಿನ ಜಗನ್ಮೋಹನ ಅರಮನೆಗೆ ಮಕ್ಕಳನ್ನು ಕರೆದೊಯ್ಯಿರಿ.

ನಾಲ್ಕು ಶಾಯಿಯ ಯುಗದಲ್ಲಿ ನಮ್ಮವರೊಬ್ಬರು ಅಖಿಲ ಭಾರತದ ಗೋಡೆಗಳನ್ನು ಆಳಿದರು ಎಂಬುದು ಕನ್ನಡಿಗರಿಗೇ ಅಷ್ಟಾಗಿ ತಿಳಿಯದು. 1916ರಲ್ಲಿ ಗುಲಬರ್ಗಾದಲ್ಲಿ ಹುಟ್ಟಿ 1993ರಲ್ಲಿ ತೀರಿಕೊಂಡ ಎಸ್. ಎಂ. ಪಂಡಿತರು ಮುಂಬಯಿಯಲ್ಲಿ ಸಿನಿಮಾ ಚಿತ್ರಫಲಕಗಳಿಂದ ಆರಂಭಿಸಿ, ಪುರಾಣದ ದೃಶ್ಯಗಳ ಕ್ಯಾಲೆಂಡರುಗಳಿಂದ ಮನೆಮಾತಾದರು. ಅವರ ಚಿತ್ರಗಳಲ್ಲಿ ಮೈಗೆ ಹೊಳಪು, ಹಿನ್ನೆಲೆಗೆ ಕತ್ತಲು ಎದ್ದುಕಾಣುತ್ತವೆ. ಅಚ್ಚಿನಲ್ಲಿ ಹೇಗೆ ಬಂದೀತು ಎಂಬುದನ್ನು ಅರಿತೇ ಅವರು ಬರೆಯುತ್ತಿದ್ದರು ಎಂದು ನನಗನಿಸುತ್ತದೆ. ಚಿತ್ರಕಲೆಯ ವಿಮರ್ಶಕರು ಕ್ಯಾಲೆಂಡರ್ ಕಲೆ ಎಂದು ಮೂಗು ಮುರಿದದ್ದುಂಟು. ಲಕ್ಷಗಟ್ಟಲೆ ಮನೆಗಳಲ್ಲಿ ನಿತ್ಯ ಪೂಜೆಗೊಂಡ ಚಿತ್ರವನ್ನು ಕಲೆಯಲ್ಲವೆನ್ನಲು ನನಗೆ ಧೈರ್ಯವಿಲ್ಲ.

ಮಕ್ಕಳ ಲೋಕಕ್ಕೆ ಬಣ್ಣ ತಂದದ್ದು ಚಂದಮಾಮ. ಮದರಾಸಿನಲ್ಲಿ 1947ರಲ್ಲಿ ತೆಲುಗು, ತಮಿಳುಗಳಲ್ಲಿ ಆರಂಭವಾದ ಅದು 1949ರಲ್ಲಿ ಕನ್ನಡಕ್ಕೆ ಬಂದಿತು. ಮಹಾಭಾರತದ ಪ್ರಸಂಗಗಳನ್ನು ಅದರ ಮುಖಪುಟಗಳ ಮೇಲೆ ಬರೆದವರು ನಮ್ಮ ಎಂ. ಟಿ. ವಿ. ಆಚಾರ್ಯರು. ಅಮರ ಚಿತ್ರಕಥೆಯ ವಿಚಾರದಲ್ಲಿಯೂ ಕನ್ನಡಕ್ಕೊಂದು ಪಾಲಿದೆ. ಅದರ ಮೊದಲ ಪುಸ್ತಕಗಳು 1965ರಲ್ಲಿ ಬೆಂಗಳೂರಿನಲ್ಲಿ, ಇಂಡಿಯಾ ಬುಕ್ ಹೌಸಿನ ಜಿ. ಕೆ. ಅನಂತರಾಮ್ ಅವರ ಪ್ರಯತ್ನದಿಂದ ಕನ್ನಡದಲ್ಲಿ ಬಂದವು. ಅನಂತರ ಅನಂತ ಪೈಯವರ ಸಂಪಾದಕತ್ವದಲ್ಲಿ ಬಂದ ಪುರಾಣಕಥೆಗಳಲ್ಲಿ ಮೊದಮೊದಲಿನವು ಪೂರ್ಣ ಬಣ್ಣದವಲ್ಲ. ಖರ್ಚು ಉಳಿಸಲು ಹಳದಿ, ನೀಲಿ, ಹಸಿರುಗಳಲ್ಲಿಯೇ ಮುಗಿಸಿದ್ದರು. ಹಳದಿಯ ಮೇಲೆ ನೀಲಿ ಬಿದ್ದರೆ ಹಸಿರು ತಾನಾಗಿಯೇ ದೊರೆಯುತ್ತದೆಂಬುದನ್ನು ಈಗ ನೀವು ಊಹಿಸಬಲ್ಲಿರಿ. ಆದರೆ ಮಜೆಂಟಾ ಇಲ್ಲದ ಕಡೆ ಕುಂಕುಮವಿಲ್ಲ, ಮೈಬಣ್ಣವಿಲ್ಲ. ಒಂದು ಶಾಯಿಯನ್ನು ಉಳಿಸಿದರೆ ಒಂದು ಲೋಕವೇ ಹೋಗುತ್ತದೆ.

ನಮ್ಮ ಈ ಕಡೆಯ ಸಂಗತಿಯನ್ನೂ ಒಂದು ಮಾತಿನಲ್ಲಿ ಹೇಳಿಬಿಡುತ್ತೇನೆ. ವಾಷಿಂಗ್ಟನ್ ಪ್ರದೇಶದಲ್ಲಿ 1982ರ ಸೆಪ್ಟೆಂಬರ್ 15ರಂದು ಯು.ಎಸ್.ಎ. ಟುಡೇ ಹೊರಟಾಗ ಅದರ ಬಣ್ಣದ ಹವಾಮಾನ ನಕ್ಷೆಯನ್ನು ಕಂಡು ಹಿರಿಯ ಪತ್ರಿಕೆಗಳು ಹಾಸ್ಯ ಮಾಡಿದವು. ಪುಟಗಳು ಉಪಗ್ರಹದ ಮೂಲಕ ಬೇರೆಬೇರೆ ಊರುಗಳ ಅಚ್ಚುಕೂಟಗಳಿಗೆ ಹೋಗಿ ಎಲ್ಲೆಡೆಯೂ ಒಂದೇ ಬಣ್ಣ ಬರಬೇಕಿತ್ತು. ಅದು ಸಣ್ಣ ಸಾಹಸವಲ್ಲ. ನ್ಯೂ ಯಾರ್ಕ್ ಟೈಮ್ಸ್ ತನ್ನ ಮೊದಲ ಪುಟದಲ್ಲಿ ಬಣ್ಣದ ಛಾಯಾಚಿತ್ರವನ್ನು ಹಾಕಿದ್ದು 1997ರ ಅಕ್ಟೋಬರ್ 16ರಂದು, ಹದಿನೈದು ವರ್ಷಗಳ ನಂತರ. ಇತ್ತ ಅಟ್ಲಾಂಟಾ ಜರ್ನಲ್ ಕಾನ್‌ಸ್ಟಿಟ್ಯೂಷನ್ ಪತ್ರಿಕೆಯು 2025ರ ಡಿಸೆಂಬರ್ 31ರೊಂದಿಗೆ ಮುದ್ರಿತ ಆವೃತ್ತಿಯನ್ನೇ ಮುಗಿಸುವುದಾಗಿ ಅದೇ ವರ್ಷದ ಆಗಸ್ಟ್‌ನಲ್ಲಿ ಪ್ರಕಟಿಸಿತು. ಮನೆಯಲ್ಲಿ ಅದರ ಹಳೆಯ ಸಂಚಿಕೆಯಿದ್ದರೆ ಪುಟದ ಅಂಚಿನಲ್ಲಿರುವ ನಾಲ್ಕು ಪುಟ್ಟ ಬಣ್ಣದ ಗುರುತುಗಳನ್ನು ಮಕ್ಕಳಿಗೆ ತೋರಿಸಿ. ಯಂತ್ರದ ಮುಂದೆ ನಿಂತವನು ರಿಜಿಸ್ಟರನ್ನು ನೋಡಿಕೊಂಡ ಜಾಗ ಅದು.

ನಾಲ್ಕು ಶಾಯಿಗೆ ಎಟುಕದ ಬಣ್ಣಗಳೂ ಇವೆ. ಬಂಗಾರ ಅವುಗಳಲ್ಲಿ ಮುಖ್ಯ. ಮೈಸೂರು ಶೈಲಿಯ ಚಿತ್ರಗಳಲ್ಲಿ ಕಿರೀಟ, ಆಭರಣಗಳನ್ನು ತೆಳುವಾಗಿ ಉಬ್ಬಿಸಿ ಅದರ ಮೇಲೆ ಚಿನ್ನದ ರೇಕನ್ನು ಹಚ್ಚುತ್ತಾರೆ. ನೋಡುವವರು ಹೆಜ್ಜೆ ಬದಲಿಸಿದಂತೆ, ದೀಪ ಅಲುಗಿದಂತೆ ಅದು ಹೊಳೆದು ಆರುತ್ತದೆ. ಅಚ್ಚಾದ ಪ್ರತಿಯಲ್ಲಿ ಅದು ಒಂದು ಕ್ಷಣದ ಹೊಳಪಿಗೆ ಸಿಕ್ಕಿ ನಿಂತ ಹಳದಿ ಕಂದು. ಮದುವೆಯ ಲಗ್ನಪತ್ರಿಕೆಯ ಗಣಪತಿಗೆ ಬಂಗಾರದ ಹೊಳಪು ಬೇಕೆಂದರೆ ಐದನೆಯದಾಗಿ ಲೋಹದ ಪುಡಿ ಬೆರೆತ ಶಾಯಿಯನ್ನೋ ಬಂಗಾರ ಬಣ್ಣದ ಹಾಳೆಯ ಒತ್ತನ್ನೋ ಕೇಳಿ ಹಾಕಿಸಬೇಕು. ಕಂಪ್ಯೂಟರ್ ಪರದೆಯ ಮೇಲೆ ಝಗಝಗಿಸಿದ ಕಾವಿ, ಗಿಳಿಹಸಿರುಗಳು ಕಾಗದದ ಮೇಲೆ ಮಂಕಾಗಿ ಬಂದರೆ ಅಚ್ಚಿನವರನ್ನು ಬೈಯಬೇಡಿ. ಪರದೆ ಬೆಳಕನ್ನು ಕೊಡುತ್ತದೆ, ಕಾಗದ ಸಾಲ ಪಡೆದ ಬೆಳಕಿನಲ್ಲಿ ಬದುಕುತ್ತದೆ.

ಈಗ ನೀಲಿಯಾದ ಲಕ್ಷ್ಮಿಗೆ ಬರೋಣ. ಬೆಳಕು ಶಾಯಿಯ ಕಣಗಳನ್ನು ಒಡೆಯುತ್ತದೆ. ನಾಲ್ಕು ಶಾಯಿಗಳೂ ಇದನ್ನು ಒಂದೇ ಸಮನಾಗಿ ತಡೆಯಬಲ್ಲವಾಗಿದ್ದರೆ ಚಿತ್ರ ಮೆಲ್ಲಗೆ ತಿಳಿಯಾಗುತ್ತಿತ್ತು, ಬಣ್ಣ ಕೆಡುತ್ತಿರಲಿಲ್ಲ. ಹಾಗಿಲ್ಲ. ಕಪ್ಪು ಶಾಯಿಯೆಂದರೆ ಹೆಚ್ಚುಕಡಮೆ ದೀಪದ ಕಾಡಿಗೆಯೇ. ಇಂಗಾಲಕ್ಕೆ ಬಿಸಿಲಿನ ಭಯವಿಲ್ಲ. ಸಯಾನ್‌ನಲ್ಲಿರುವುದು ತಾಮ್ರದ ಥ್ಯಾಲೋಸಯನೀನ್ ಎಂಬ ವರ್ಣವಸ್ತು. 1928ರಲ್ಲ�ಿ ಸ್ಕಾಟ್ಲೆಂಡಿನ ಕಾರ್ಖಾನೆಯೊಂದರಲ್ಲಿ ಬೇರೊಂದು ವಸ್ತುವನ್ನು ತಯಾರಿಸುವಾಗ ಪಾತ್ರೆಯಲ್ಲಿ ಕಾಣಿಸಿಕೊಂಡ ನೀಲಿ ಕಲ್ಮಷದ ಬೆನ್ನು ಹತ್ತಿ ಈ ಬಗೆಯ ವಸ್ತುಗಳನ್ನು ಬೆಳಕಿಗೆ ತಂದರು; 1935ರಲ್ಲಿ ಈ ನೀಲಿ ಮಾರುಕಟ್ಟೆಗೆ ಬಂದಿತು. ಇದರ ಕಣದ ಕಟ್ಟಡ ಎಲೆಯ ಹಸಿರಿನ ಕಣದ ಕಟ್ಟಡಕ್ಕೆ ಹತ್ತಿರದ್ದು, ಆದರೆ ಅದಕ್ಕಿಂತ ಬಹಳ ಗಟ್ಟಿ. ವರ್ಷಗಟ್ಟಲೆ ಬಿಸಿಲಿಗೆ ಒಡ್ಡಿದರೂ ಜಗ್ಗದು. ಸಾಮಾನ್ಯ ಕ್ಯಾಲೆಂಡರಿನ ಹಳದಿ ಮತ್ತು ಮಜೆಂಟಾಗಳು ಬೇರೆ ಜಾತಿಯ ಸಾವಯವ ವರ್ಣಗಳು. ಅಗ್ಗ, ಉಜ್ವಲ, ಆದರೆ ಬಿಸಿಲಿಗೆ ಬಲಹೀನ. ಕಿಟಕಿಯ ಬೆಳಕಿಗೆ ಮೊದಲು ಬಲಿಯಾಗುವುದು ಅವೆರಡೇ.

ಹಳದಿ ಹೋದರೆ ಅರಿಶಿನ ಹೋಯಿತು. ಹಳದಿಯೂ ಮಜೆಂಟಾವೂ ಹೋದರೆ ಕುಂಕುಮ ಹೋಯಿತು. ನಮ್ಮವರ ಮೈಬಣ್ಣ ಅಚ್ಚಿನಲ್ಲಿ ಬಹುಪಾಲು ಈ ಎರಡರಿಂದಲೇ ಆದದ್ದು, ಅದೂ ಹೋಯಿತು. ನವೆಂಬರಿನಲ್ಲಿ ಅಂಗಡಿಯ ಕಿಟಕಿಗೆ ಅಂಟಿಸಿದ ರಾಜ್ಯೋತ್ಸವದ ಭಿತ್ತಿಪತ್ರವನ್ನು ತೆಗೆಯದೆ ಬಿಟ್ಟರೆ ಎರಡು ಬೇಸಗೆ ಕಳೆಯುವಷ್ಟರಲ್ಲಿ ಅದರ ಸ್ಥಿತಿ ಏನಾಗುತ್ತದೆ ಎಂಬುದನ್ನು ಊಹಿಸಿ. ಆ ಬಾವುಟದಲ್ಲಿ ಸಯಾನ್ ಇರಲಿಲ್ಲ, ಕಪ್ಪು ಇರಲಿಲ್ಲ. ಕರಿಯ ಅಕ್ಷರಗಳು ಹಾಗೆಯೇ ಉಳಿದು ಬಾವುಟ ಮಾತ್ರ ಬಿಳಿಯ ಕಾಗದವಾಗಿರುತ್ತದೆ. ಅಚ್ಚಿನಲ್ಲಿ ಮೊದಲು ಮಾಸುವುದು ನಮಗೆ ಮಂಗಳವಾದ ಬಣ್ಣಗಳೇ ಎಂಬುದು ನನ್ನನ್ನು ಬಹುಕಾಲ ಕಾಡಿದ ಸಂಗತಿ.

ಆಲ್ಬಮ್ಮಿನ ಛಾಯಾಚಿತ್ರಗಳಲ್ಲಿಯೂ ಇದೇ ಮೂರು ಬಣ್ಣಗಳು ಮೂರು ಪದರಗಳಲ್ಲಿರುತ್ತವೆ. ಆದರೆ ಅವು ಶಾಯಿಗಳಲ್ಲ, ರಾಸಾಯನಿಕ ಸಂಸ್ಕರಣದಲ್ಲಿ ಹುಟ್ಟಿದ ರಂಗುಗಳು. 1960, 70ರ ದಶಕಗಳ ಫೋಟೋ ಕಾಗದಗಳಲ್ಲಿ ಸಯಾನ್ ರಂಗು ಕತ್ತಲೆಯಲ್ಲಿಟ್ಟರೂ ತಾನಾಗಿ ಕ್ಷೀಣಿಸುತ್ತಿತ್ತು. ಶಾಖ, ತೇವಗಳಿದ್ದರೆ ಇನ್ನೂ ಬೇಗ. ನೀಲಿ ಹೋಗಿ ಮಜೆಂಟಾ, ಹಳದಿಗಳು ಉಳಿದದ್ದರಿಂದಲೇ ಮದುವೆಯ ಚಿತ್ರ ಕೆಂಪಾದದ್ದು. ಒಂದನ್ನು ಬೆಳಕು ಕೊಂದಿತು, ಇನ್ನೊಂದನ್ನು ಬೇಗೆ ಕೊಂದಿತು. ಜಾರ್ಜಿಯಾದ ಜುಲೈ ತಿಂಗಳಲ್ಲಿ ನಮ್ಮ ಮನೆಗಳ ಅಟ್ಟದ ಬಿಸಿ ಎಷ್ಟಿರುತ್ತದೆಂದು ತಮಗೆ ಗೊತ್ತಿದೆ. ಆಲ್ಬಮ್ಮಿನ ಪೆಟ್ಟಿಗೆಗಳು ಅಲ್ಲಿದ್ದರೆ ಈ ವಾರವೇ ಕೆಳಗಿಳಿಸಿ, ವಾಸದ ಕೋಣೆಯ ಕಪಾಟಿನಲ್ಲಿಡಿ. ನೆಲಮಾಳಿಗೆಯೂ ಬೇಡ, ಅಲ್ಲಿ ತೇವ.

ಕೈಯಲ್ಲಿರುವುದನ್ನು ಉಳಿಸಿಕೊಳ್ಳಲು ಮಾಡಬೇಕಾದದ್ದು ದೊಡ್ಡದೇನಲ್ಲ. ಅಚ್ಚಾದ ಚಿತ್ರವನ್ನು ಮನೆಯ ಸ್ಕ್ಯಾನರಿನಲ್ಲಿ ಅಂಗುಲಕ್ಕೆ 600 ಬಿಂದುಗಳ ಅಳತೆಯಲ್ಲಿ ಪ್ರತಿ ತೆಗೆದಿಡಿ. ಕಡಮೆ ಅಳತೆಯಲ್ಲಿ ತೆಗೆದರೆ ಚಿತ್ರದ ಚುಕ್ಕಿಗಳೂ ಸ್ಕ್ಯಾನರಿನ ಚುಕ್ಕಿಗಳೂ ಡಿಕ್ಕಿ ಹೊಡೆದು ಸೊಳ್ಳೆಪರದೆಯ ಆ ಅಲೆಗಳು ಮತ್ತೆ ಹಾಜರಾಗುತ್ತವೆ. ಮಾಸಿದ ಬಣ್ಣವನ್ನು ಕಂಪ್ಯೂಟರಿನಲ್ಲಿ ಹಿಂದಕ್ಕೆ ತರಬಹುದು. ಪೂರ್ತಿಯಾಗಿ ಅಳಿದಿರದ ಹಳದಿ, ಮಜೆಂಟಾಗಳ ಕುರುಹನ್ನು ಹೆಚ್ಚಿಸಿ ನೋಡಿದಾಗ ಹಣೆಯ ಕುಂಕುಮ ಮರಳಿ ಬರುವುದನ್ನು ಕಾಣುವುದು ಒಂದು ಸಂತೋಷ. ಆದರೆ ತಿದ್ದಿದ ಪ್ರತಿ ಬೇರೆ, ತಿದ್ದದ ಪ್ರತಿ ಬೇರೆ ಇರಲಿ. ಕಂಪ್ಯೂಟರು ತಾನೇ ಊಹಿಸಿ ತುಂಬಿದ ಸೀರೆಯ ಬಣ್ಣ ಅಜ್ಜಿ ಕಂಡ ಬಣ್ಣವಾಗಿರಬೇಕಾಗಿಲ್ಲ. ಆ ಬಣ್ಣವನ್ನು ನೆನಪಿಟ್ಟುಕೊಂಡವರು ಮನೆಯಲ್ಲಿ ಇನ್ನೂ ಇದ್ದರೆ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ತಿದ್ದಿರಿ, ಚಿತ್ರದ ಹಿಂದೆ ಅವರು ಹೇಳಿದ್ದನ್ನು ಸೀಸದಕಡ್ಡಿಯಲ್ಲಿ ಬರೆದಿಡಿ. ಪೂಜೆಗೆ ಹೊಸ ಪ್ರತಿಯನ್ನು ತೆಗೆಸುವುದಾದರೆ ರಂಗಿನ ಶಾಯಿಯ ಬದಲು ಪಿಗ್ಮೆಂಟ್ ಶಾಯಿಯ ಮುದ್ರಣವನ್ನೇ ಕೇಳಿ. ಅದು ಹೆಚ್ಚು ಕಾಲ ಬಾಳುತ್ತದೆ.

ಸಭೆಗೆ ಮುಂಚೆಯೇ ಇಬ್ಬರು ಸೋದರಿಯರು ನನ್ನಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಹೇಳಿ ಮುಗಿಸುತ್ತೇನೆ. ಪಟಕ್ಕೆ ಲ್ಯಾಮಿನೇಷನ್ ಮಾಡಿಸಿದರೆ ಬಣ್ಣ ಉಳಿಯುತ್ತದೆಯೇ ಎಂಬುದು ಪ್ರಶ್ನೆ. ಉಳಿಯುವುದಿಲ್ಲ. ಅದು ಎಣ್ಣೆಯ ಕೈಯನ್ನು, ತೇವವನ್ನು ತಡೆದೀತು, ಬೆಳಕನ್ನು ತಡೆಯದು. ಮೇಲಾಗಿ ಒಮ್ಮೆ ಅಂಟಿಸಿದ ಪ್ಲಾಸ್ಟಿಕ್ಕನ್ನು ತೆಗೆಯಲಾಗುವುದಿಲ್ಲ. ನೇರಳಾತೀತ ಕಿರಣಗಳನ್ನು ತಡೆಯುವ ಗಾಜನ್ನು ಚೌಕಟ್ಟಿನ ಅಂಗಡಿಯವರು ಹಾಕಿಕೊಡುತ್ತಾರೆ, ಅದರಿಂದ ಸ್ವಲ್ಪ ಅನುಕೂಲವುಂಟು. ಆದರೆ ಕಣ್ಣಿಗೆ ಕಾಣುವ ಬೆಳಕೂ ಕೊಲ್ಲುವ ಬೆಳಕೇ. ದಕ್ಷಿಣದ, ಪಶ್ಚಿಮದ ಕಿಟಕಿಗಳ ಬಿಸಿಲು ನೇರವಾಗಿ ಬೀಳುವ ಗೋಡೆಯಿಂದ ಪಟವನ್ನು ತೆಗೆದು ಒಳಗಿನ ಗೋಡೆಗೆ ಹಾಕಿ. ದೇವರ ಮನೆಯ ಎಣ್ಣೆ ದೀಪದ ಬೆಳಕು ಅದಕ್ಕೆ ಏನೂ ಮಾಡದು.